‘ಸಂಸ್ಕಾರ’ ಪದದ ಕಥೋಲಿಕ ಬದುಕು

ಕ್ರೈಸ್ತರು ಕನ್ನಡಕ್ಕೆ ಸಲ್ಲಿಸಿದ ಸೇವೆ ಎಂದೊಡನೆ ನೆನಪಾಗುವುದು 1843ರ ‘ಮಂಗಳೂರ ಸಮಾಚಾರ’ ಮತ್ತು 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟು. ಇವೆರಡೂ ಬಾಸೆಲ್ ಮಿಶನ್ನಿನ ಪ್ರಾಟೆಸ್ಟಂಟ್ ಪರಂಪರೆಗೆ ಸೇರಿದವು. ಕಥೋಲಿಕರ ಆಚರಣೆಯ ಬದುಕಿನಲ್ಲಿ ಕನ್ನಡ ಪದಗಳು ಪಡೆದ ಅರ್ಥಗಳತ್ತ ನಮ್ಮ ಅಧ್ಯಯನದ ಗಮನ ಹರಿದದ್ದು ಕಡಿಮೆ. ಅಂತಹ ಪದಗಳಲ್ಲಿ ಮುಖ್ಯವಾದುದು ‘ಸಂಸ್ಕಾರ’.

ಲ್ಯಾಟಿನ್ನಿನ ‘ಸಾಕ್ರಮೆಂತುಮ್’ ಎಂಬುದಕ್ಕೆ ಕನ್ನಡ ಕಥೋಲಿಕರು ಬಳಸುವ ಪದವಿದು. ಲ್ಯಾಟಿನ್ ಪದಕ್ಕೆ ರೋಮನ್ ಸೈನಿಕನ ಪ್ರತಿಜ್ಞೆ ಎಂಬ ಅರ್ಥವಿತ್ತು. ಅದರ ಹಿಂದಿರುವ ಗ್ರೀಕ್ ಪದ ‘ಮಿಸ್ತೇರಿಯೊನ್’ ರಹಸ್ಯವನ್ನು ಸೂಚಿಸುತ್ತಿತ್ತು. ಕನ್ನಡದ ಪದದಲ್ಲಿ ಪ್ರತಿಜ್ಞೆಯೂ ಇಲ್ಲ, ರಹಸ್ಯವೂ ಇಲ್ಲ. ಅದರಲ್ಲಿರುವುದು ತಿದ್ದುವ, ಶುದ್ಧಗೊಳಿಸುವ, ಅರ್ಹಗೊಳಿಸುವ ಅರ್ಥ. ಗರ್ಭಾಧಾನದಿಂದ ಅಂತ್ಯೇಷ್ಟಿಯವರೆಗಿನ ಷೋಡಶ ಸಂಸ್ಕಾರಗಳ ನೆನಪು. ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ, ಪಾಪನಿವೇದನೆ, ರೋಗಿಗಳ ತೈಲಲೇಪನ, ಗುರುದೀಕ್ಷೆ, ವಿವಾಹ ಎಂಬ ಏಳನ್ನು ತ್ರೆಂತ್ ಮಹಾಸಭೆ 1547ರಲ್ಲಿ ಖಚಿತಪಡಿಸಿತು. ಹುಟ್ಟಿನಿಂದ ಸಾವಿನ ಅಂಚಿನವರೆಗೆ ಬದುಕಿನೊಡನೆ ಸಾಗುವ ಈ ಸರಣಿಗೆ ‘ಸಂಸ್ಕಾರ’ ಒಪ್ಪುವ ಹೆಸರೇ. ಆದರೆ ಹೋಲಿಕೆಯನ್ನು ಇದಕ್ಕಿಂತ ಮುಂದೆ ಒಯ್ದರೆ ಅರ್ಥ ತಪ್ಪುತ್ತದೆ.

1965ರಲ್ಲಿ ಪ್ರಕಟವಾದ ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯಲ್ಲಿ ನಾರಣಪ್ಪನ ಶವದ ಮುಂದೆ ಇಡೀ ಅಗ್ರಹಾರ ಕಂಗೆಡುವುದು ಅರ್ಹತೆಯ ಪ್ರಶ್ನೆಯಿಂದ: ಯಾರಿಗೆ, ಯಾರು ಮಾಡಬೇಕು? ಕಥೋಲಿಕ ಚಿಂತನೆ ಇದೇ ಪ್ರಶ್ನೆಯನ್ನು ಬೇರೊಂದು ನೆಲೆಯಲ್ಲಿ ಎದುರಿಸಿದೆ. ಉತ್ತರ ಆಫ್ರಿಕದಲ್ಲಿ ಡೊನಾಟಿಸ್ಟರೊಡನೆ ನಡೆದ ವಾದದಲ್ಲಿ ಸಂತ ಅಗಸ್ಟೀನನು, ನೀಡುವ ಗುರುವಿನ ನಡತೆ ಕೆಟ್ಟಿದ್ದರೂ ಜ್ಞಾನಸ್ನಾನ ಕೆಡುವುದಿಲ್ಲ, ನಿಜವಾಗಿ ನೀಡುವವನು ಕ್ರಿಸ್ತನೇ ಎಂದು ಪ್ರತಿಪಾದಿಸಿದನು. ಈ ನಿಲುವಿನ ಪರಿಣಾಮಗಳು ದೂರಗಾಮಿಯಾದವು. ಸಾಯುತ್ತಿರುವ ಶಿಶುವಿಗೆ ಸೂಲಗಿತ್ತಿಯೂ ಜ್ಞಾನಸ್ನಾನ ನೀಡಬಹುದು. ಆಕೆ ಕ್ರೈಸ್ತಳೇ ಆಗಿರಬೇಕೆಂದಿಲ್ಲ. ನೀರು, ತ್ರಿತ್ವದ ಹೆಸರು, ಧರ್ಮಸಭೆ ಮಾಡುವುದನ್ನೇ ಮಾಡುವ ಉದ್ದೇಶ ಇವಿಷ್ಟಿದ್ದರೆ ಸಾಕು. ವಿವಾಹದಲ್ಲಿಯೂ, ಲ್ಯಾಟಿನ್ ಪರಂಪರೆಯ ಪ್ರಕಾರ, ಸಂಸ್ಕಾರವನ್ನು ಪರಸ್ಪರ ನೀಡಿಕೊಳ್ಳುವವರು ವಧೂವರರೇ. ಗುರುವು ಧರ್ಮಸಭೆಯ ಪರವಾಗಿ ಅವರ ಸಮ್ಮತಿಯನ್ನು ಸ್ವೀಕರಿಸುತ್ತಾನೆ. ಹಾಗೆಂದು ಪಡೆಯುವವನಿಗೆ ಸಿದ್ಧತೆ ಬೇಡವೆಂದಲ್ಲ. ಘೋರ ಪಾಪದ ಅರಿವುಳ್ಳವನು ಪಾಪನಿವೇದನೆ ಮಾಡಿಕೊಂಡೇ ಪರಮಪ್ರಸಾದವನ್ನು ಸ್ವೀಕರಿಸಬೇಕು. ಆದರೆ ಆ ಸಿದ್ಧತೆ ವರವನ್ನು ಸ್ವೀಕರಿಸುವ ಸಿದ್ಧತೆಯೇ ಹೊರತು ಅದನ್ನು ಸಂಪಾದಿಸುವ ಯೋಗ್ಯತೆಯಲ್ಲ.

ಪದದ ಭಾರ ಹೆಚ್ಚು ತಟ್ಟುವುದು ಸಾವಿನ ಬಳಿ. ಕನ್ನಡದ ಕಿವಿಗೆ ‘ಸಂಸ್ಕಾರ’ ಎಂದರೆ ಶವಸಂಸ್ಕಾರವೂ ಹೌದು. ಆದರೆ ಕಥೋಲಿಕರ ಏಳರಲ್ಲಿ ಶವಸಂಸ್ಕಾರ ಇಲ್ಲ. ಪ್ರಾರ್ಥನೆಯೊಂದಿಗೆ ಭೂಸ್ಥಾಪನೆ ನಡೆಯುತ್ತದೆ ನಿಜ; ಸಂಸ್ಕಾರಗಳು ಮಾತ್ರ ಬದುಕಿರುವವರಿಗೆ ಮೀಸಲು. ರೋಗಿಯ ಹಣೆಗೂ ಕೈಗಳಿಗೂ ಎಣ್ಣೆ ಹಚ್ಚುವ ವಿಧಿಗೆ ಹಿಂದೆ ಲ್ಯಾಟಿನ್ನಿನಲ್ಲಿ ‘ಕೊನೆಯ ಲೇಪನ’ ಎಂಬ ಅರ್ಥದ ಹೆಸರು ರೂಢಿಯಲ್ಲಿತ್ತು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ‘ರೋಗಿಗಳ ಲೇಪನ’ ಎಂಬುದೇ ಹೆಚ್ಚು ಸೂಕ್ತವೆಂದಿತು. ಅದು ಸಾಯುವ ಗಳಿಗೆಗಷ್ಟೇ ಸೀಮಿತವಲ್ಲ ಎಂದೂ ಸ್ಪಷ್ಟಪಡಿಸಿತು. ಹೆಸರು ಬದಲಾದರೂ ಭಯ ಬೇಗ ಅಳಿಯುವುದಿಲ್ಲ. ಗುರುಗಳನ್ನು ಕರೆಸಿದರೆ ರೋಗಿ ಎದೆಗುಂದಿಯಾನು ಎಂದು ಮನೆಯವರು ತಡಮಾಡಿದಾಗ, ಸಾಂತ್ವನಕ್ಕೆಂದು ಇರುವ ವಿಧಿ ಅವನ ಪ್ರಜ್ಞೆ ತಪ್ಪಿದ ಮೇಲೆ ಬರುತ್ತದೆ. ಒಂದು ಪದದ ಅರ್ಥಚ್ಛಾಯೆ ಮನುಷ್ಯನೊಬ್ಬನ ಕೊನೆಯ ದಿನಗಳನ್ನು ಹೀಗೆ ನಿರ್ಧರಿಸಬಲ್ಲದು.

ಅದೇ 1963ರ ನಿರ್ಣಯ ಪೂಜಾವಿಧಿಯಲ್ಲಿ ಜನಭಾಷೆಗಳಿಗೆ ಎಡೆ ಮಾಡಿಕೊಟ್ಟಿತು. ಲ್ಯಾಟಿನ್ನಿನಲ್ಲಿ ಕೇಳಿಬರುತ್ತಿದ್ದುದು ಕನ್ನಡದಲ್ಲಿ ಕೇಳತೊಡಗಿತು. ಆದುದರಿಂದ ಈ ಪದಗಳನ್ನು ಕೇವಲ ಅನುವಾದದ ಸಾಧನಗಳೆಂದು ಬದಿಗಿಡುವುದು ಸರಿಯಲ್ಲ. ಪೂಜಾವಿಧಿಯ ಪುಸ್ತಕಗಳನ್ನೂ ಧರ್ಮೋಪದೇಶದ ಪಠ್ಯಗಳನ್ನೂ ಹಿರಿಯರ ಆಡುಮಾತನ್ನೂ ಜೊತೆಗಿಟ್ಟು ಓದುವ ಕೆಲಸ ಕನ್ನಡ ವಿಭಾಗಗಳದ್ದು. ನಿಘಂಟುಗಳಲ್ಲಿ ‘ಸಂಸ್ಕಾರ’ದ ಅರ್ಥವಿವರಣೆ ಷೋಡಶ ಕರ್ಮಗಳ ಬಳಿಯೇ ನಿಂತರೆ, ಅದೇ ಪದದಿಂದ ತಮ್ಮ ಮಕ್ಕಳನ್ನು ಬರಮಾಡಿಕೊಳ್ಳುವ, ರೋಗಿಗಳನ್ನು ಸಂತೈಸುವ ಕನ್ನಡಿಗರು ಕನ್ನಡದ ಹೊರಗುಳಿದಂತಾಗುತ್ತದೆ.