ಬೆಳಗಾವಿಯ ಮ್ಯಾರಥಾನ್ ಓಟಗಾರ

ಮ್ಯಾರಥಾನ್ ಎಂದೊಡನೆ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಿನಲ್ಲಿ ಓಡಿ ಚಿನ್ನ ಗೆದ್ದ ಇಥಿಯೋಪಿಯಾದ ಅಬೆಬೆ ಬಿಕಿಲ ನೆನಪಾಗುತ್ತಾರೆ. ಅದಕ್ಕೂ 40 ವರ್ಷ ಮೊದಲು ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಒಲಿಂಪಿಕ್ ಮ್ಯಾರಥಾನ್ ಓಡಿದ್ದರೆಂಬುದು ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು?

ಅದು 1920ರ ಆಂಟ್ವರ್ಪ್ ಒಲಿಂಪಿಕ್ಸ್. ದೂರ 42.75 ಕಿಲೋಮೀಟರ್. ಹೆಚ್ಚುಕಡಿಮೆ ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಓಡಿದಂತೆ! ಚೌಗುಲೆಯವರು ತೆಗೆದುಕೊಂಡದ್ದು 2 ಗಂಟೆ 50 ನಿಮಿಷ 45 ಸೆಕೆಂಡು. ಭಾಗಿಸಿ ನೋಡಿ, ಕಿಲೋಮೀಟರಿಗೆ ಸುಮಾರು 4 ನಿಮಿಷ.

ಒಂದು ಕಿಲೋಮೀಟರನ್ನು ಈ ವೇಗದಲ್ಲಿ ಓಡುವ ಹುಡುಗರು ನಮ್ಮ ಶಾಲೆಗಳಲ್ಲೂ ಇದ್ದಾರೆ. ಅದೇ ವೇಗವನ್ನು ಕೊನೆಯವರೆಗೆ ಕಾಯ್ದುಕೊಳ್ಳುವುದೇ ಕಷ್ಟ. ಆರಂಭದಲ್ಲೇ ರಭಸ ತೋರಿದರೆ ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಬೇಗ ಮುಗಿದು ಕಾಲು ಏಳದಂತಾಗುತ್ತದೆ. ದಿನನಿತ್ಯದ ಅಭ್ಯಾಸದಿಂದ ಹೃದಯ ಪ್ರತಿ ಬಡಿತದಲ್ಲೂ ಹೆಚ್ಚು ರಕ್ತ ಹರಿಸುತ್ತದೆ. ಸ್ನಾಯುಗಳು ಕೊಬ್ಬನ್ನೂ ಚೆನ್ನಾಗಿ ಬಳಸಿಕೊಳ್ಳುತ್ತವೆ. ಇದು ತಿಂಗಳುಗಟ್ಟಲೆಯ ದುಡಿಮೆ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವವರು ಇದನ್ನು ಗಮನಿಸಬೇಕು.

ಚೌಗುಲೆಯವರಿಗೆ ಸಿಕ್ಕಿದ್ದು 19ನೇ ಸ್ಥಾನ. ಪದಕ ಬರಲಿಲ್ಲ, ಆದರೆ ಹೊರಟ ದಾರಿಯನ್ನು ಓಡಿ ಮುಗಿಸಿದರು. ಪಾಲಕರೇ, ತರಗತಿಯಲ್ಲಿ 19ನೆಯವನಾಗಿ ಬಂದ ಮಗನನ್ನು ಗದರಿಸಿ ಆಟದ ಬಯಲು ಬಿಡಿಸಬೇಡಿ. ಅವನು ನಿನ್ನೆಗಿಂತ ಇಂದು ಎಷ್ಟು ಮುಂದೆ ಬಂದಿದ್ದಾನೆ, ಅದನ್ನು ಕೇಳಿ.