ಒಬ್ಬ ಹುಡುಗ ಬಂದ್ರೆ ಕಪ್ ಬರುತ್ತಾ?

ಹಾಕಿ ಅಂದ್ರೆ ನಮಗೆ ನೆನಪಾಗೋದು ಕೊಡಗು. ಅಮೆರಿಕದವರಿಗೆ ಮಾತ್ರ ಹಾಕಿ ಅಂದ್ರೆ ಐಸ್ ಹಾಕಿ. ಅಲ್ಲಿನ ಕಾಲೇಜು ಸೀಸನ್ ಅಕ್ಟೋಬರ್‌ನಲ್ಲಿ ಶುರು. 2025-26ರಲ್ಲಿ ಕಣ್ಣೆಲ್ಲಾ ಪೆನ್ ಸ್ಟೇಟ್ ಮೇಲಿತ್ತು.

ಕಾರಣ, ಆಗ 17 ವರ್ಷದವನಾಗಿದ್ದ ಕೆನಡಾದ ಹುಡುಗ ಗ್ಯಾವಿನ್ ಮೆಕೆನ್ನಾ. 2024-25ರ ಸೀಸನ್‌ನಲ್ಲಿ ಮೆಡಿಸಿನ್ ಹ್ಯಾಟ್ ಟೈಗರ್ಸ್ ಪರ 56 ಪಂದ್ಯ, 41 ಗೋಲು, 88 ಅಸಿಸ್ಟ್! ಕೆನಡಾದ ಮೇಜರ್ ಜೂನಿಯರ್ ಲೀಗ್‌ಗಳಲ್ಲಿ ಆಡಿದವರಿಗೆ ಅಮೆರಿಕದ ಕಾಲೇಜು ಹಾಕಿ ಬಾಗಿಲು ಮುಚ್ಚಿತ್ತು. 2025ರ ಆಗಸ್ಟ್ 1ರಿಂದ ಆ ನಿಯಮ ಬದಲಾಗಿದೆ. ಡಿಫೆನ್ಸ್‌ಗೆ ಜಾಕ್ಸನ್ ಸ್ಮಿತ್ ಕೂಡ ಇದೇ ದಾರೀಲಿ ಬಂದಿದ್ದಾನೆ.

ತಂಡವೂ ಸಾಮಾನ್ಯದ್ದಲ್ಲ. 2012ರಲ್ಲಷ್ಟೇ ಮೊದಲ ಡಿವಿಷನ್‌ಗೆ ಬಂದ ಪೆನ್ ಸ್ಟೇಟ್, 2024-25ರ ಸೀಸನ್‌ನ ಶುರುವಿನಲ್ಲಿ ಸೋತೂ ಸೋತೂ ಆಮೇಲೆ ಎದ್ದು ನಿಂತಿತು. ಮೊದಲ ಬಾರಿಗೆ ಫ್ರೋಜನ್ ಫೋರ್ ಅನ್ನೋ ಸೆಮಿಫೈನಲ್ ಹಂತ ಮುಟ್ಟಿ, ಬಾಸ್ಟನ್ ಯೂನಿವರ್ಸಿಟಿಗೆ 3-1ರಲ್ಲಿ ಸೋತಿತು.

ಹಾಗಾದ್ರೆ ಕಪ್ ಗ್ಯಾರಂಟಿನಾ? ಅಷ್ಟು ಸುಲಭ ಇಲ್ಲ. ರಾಷ್ಟ್ರೀಯ ಟೂರ್ನಿಯಲ್ಲಿ 16 ತಂಡ, ಒಂದು ಸೋಲು ಅಂದ್ರೆ ಮನೆಗೆ. 2024ರ ಫೈನಲ್ ನೋಡಿ: ದೇಶದ ಟಾಪ್ ಸ್ಕೋರರ್‌ಗಳಿದ್ದ ಬಾಸ್ಟನ್ ಕಾಲೇಜಿಗೆ ಒಂದೂ ಗೋಲು ಸಿಗಲಿಲ್ಲ. ಡೆನ್ವರ್ ಗೋಲಿ 35 ಶಾಟ್ ತಡೆದ, ಡೆನ್ವರ್ 2-0 ಗೆದ್ದಿತು.

ಮೆಕೆನ್ನಾ 2026ರ ಎನ್‌ಎಚ್‌ಎಲ್ ಡ್ರಾಫ್ಟ್‌ಗೆ ಅರ್ಹನಾಗಿದ್ದ. ಅಂದ್ರೆ ಕಾಲೇಜಿನಲ್ಲಿ ಒಂದೇ ವರ್ಷ ಇರೋ ಸಾಧ್ಯತೆ ಇತ್ತು. ನನ್ನ ಲೆಕ್ಕ ಇಷ್ಟೇ: 2026ರ ಲಾಸ್ ವೇಗಾಸ್‌ನ ಫ್ರೋಜನ್ ಫೋರ್‌ಗೆ ಹೋಗೋ ಬಲ ಈ ತಂಡಕ್ಕಿತ್ತು. ಕಪ್ ಎತ್ತೋದು ಮಾತ್ರ ಗೋಲಿಯ ಕೈಲಿತ್ತು.