ಸಾಹೇಬರ ಹೆಸರಲ್ಲಿ ಬಂದ ಪತ್ರ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕುರುಗೋಡಿನ ನಮ್ಮ ಮನೆಗೆ ಬಂದಿದ್ದಳು. ಸಿರುಗುಪ್ಪದ ಒಂದು ಸರಕಾರಿ ಕಚೇರಿಯಲ್ಲಿ ಅವಳು ಗುತ್ತಿಗೆಯ ಮೇಲೆ ಕಂಪ್ಯೂಟರ್ ಆಪರೇಟರ್. ಸಾಹೇಬರ ಹೆಸರಲ್ಲಿ ಅವಳಿಗೊಂದು ಇ-ಮೇಲ್ ಬಂದಿತ್ತು. ವಿಷಯ, ಅವಳ ಮೇಜಿನ ಮೇಲಿದ್ದ ಕಡತದ್ದೇ. ಜೊತೆಗಿರುವ ಪಟ್ಟಿ ತೆರೆದು ನೋಡಿ ಸಂಜೆಯೊಳಗೆ ಉತ್ತರಿಸಬೇಕೆಂಬ ಆದೇಶ. ಬಳ್ಳಾರಿಯಲ್ಲಿ ಮೀಟಿಂಗಿನಲ್ಲಿದ್ದ ಸಾಹೇಬರಿಗೆ ಫೋನ್ ಮಾಡಿ ಮೊದಲು ಬೈಸಿಕೊಂಡಳು. ಆಮೇಲೆ ನೋಡಿದರೆ ಅವರು ಅಂಥ ಪತ್ರ ಕಳಿಸಿರಲೇ ಇಲ್ಲ. "ಆಪಾ, ಕೇಳಿದ್ದು ತಪ್ಪಾಯಿತೇ?" ಎಂದಳು.

ಅದು ಯಾವುದೋ ಸಣ್ಣ ಕಳ್ಳನ ಕೆಲಸವಿರಬಹುದು. ಆದರೆ ದೊಡ್ಡ ಗೂಢಚಾರರು ಸರಕಾರಗಳ ಒಳಗೆ ನುಗ್ಗುವುದೂ ಇದೇ ಬಾಗಿಲಿನಿಂದ. ಲಾಟರಿ ಬಂದಿದೆಯೆಂದು ಸಾವಿರಾರು ಜನರಿಗೆ ಒಂದೇ ಸಂದೇಶ ಕಳಿಸುವವನು ತುಂಗಭದ್ರೆಯಲ್ಲಿ ಬಲೆ ಬೀಸುವವನಂತೆ. ಯಾವ ಮೀನು ಬಿದ್ದರೂ ಸರಿ. ಗೂಢಚಾರನಾದರೋ ಒಂದೇ ಮೀನಿಗೆ ಗುರಿಯಿಟ್ಟು ಈಟಿ ಎಸೆಯುತ್ತಾನೆ. ಇಂಗ್ಲಿಷಿನಲ್ಲೂ ಇದಕ್ಕೆ ಸ್ಪಿಯರ್ ಫಿಶಿಂಗ್ ಎಂದೇ ಹೆಸರು. ನಿಮ್ಮ ಹುದ್ದೆ, ಮೇಲಧಿಕಾರಿ, ಬಾಕಿ ಕೆಲಸ ಎಲ್ಲವನ್ನೂ ಅವನು ಮೊದಲೇ ತಿಳಿದುಕೊಂಡಿರುತ್ತಾನೆ. ನನಗೆ ಬರೆಯುವುದಾದರೆ "ಆಪಾ" ಎಂದೇ ಶುರು ಮಾಡಿಯಾನು!

ಚಳಿಗಾಲದಲ್ಲಿ ಸ್ವೆಟರ್ ಮಾರಲು ಬರುವ ಟಿಬೆಟನ್ನರನ್ನು ನೀವು ನೋಡಿರುತ್ತೀರಿ. ನಮ್ಮ ರಾಜ್ಯದ ಬೈಲುಕುಪ್ಪೆ, ಮುಂಡಗೋಡುಗಳಲ್ಲಿ 1960ರ ದಶಕದಿಂದ ನೆಲೆಸಿದ ಜನ ಅವರು. ಧರ್ಮಶಾಲಾದಲ್ಲಿರುವ ದಲಾಯಿ ಲಾಮಾ ಅವರ ಕಚೇರಿ ಒಮ್ಮೆ ವಿದೇಶಿ ರಾಜತಾಂತ್ರಿಕರೊಬ್ಬರಿಗೆ ಇ-ಮೇಲ್‌ನಲ್ಲಿ ಆಹ್ವಾನ ಕಳಿಸಿತು. ಮುಂದಿನ ಮಾತಿಗೆ ಇವರು ಫೋನ್ ಮಾಡುವ ಮೊದಲೇ ಚೀನಾ ಸರಕಾರ ಅವರನ್ನು ಸಂಪರ್ಕಿಸಿ, ಭೇಟಿ ಬೇಡವೆಂದಿತ್ತು. ಪತ್ರ ಓದಿದವರು ಯಾರು?

ಟೊರೊಂಟೊ ಮತ್ತು ಕೇಂಬ್ರಿಜ್ ಸಂಶೋಧಕರು 2008ರಲ್ಲಿ ಕಂಪ್ಯೂಟರುಗಳನ್ನು ಪರೀಕ್ಷಿಸಿದರು. ಭಿಕ್ಷುಗಳಿಗೆ ಸಹೋದ್ಯೋಗಿಗಳದ್ದೇ ಎನಿಸುವ ಪತ್ರಗಳು ಬರುತ್ತಿದ್ದವು. ಕೆಲವು ನಿಜವಾಗಿಯೂ ಸಹೋದ್ಯೋಗಿಗಳೇ ಬರೆದವು. ದಾರಿಯಲ್ಲಿ ಕದ್ದು, ಒಳಗಿನ ಕಡತವನ್ನಷ್ಟೇ ವಿಷದ ಕಡತಕ್ಕೆ ಬದಲಿಸಲಾಗಿತ್ತು. ತೆರೆದರೆ ಸಾಕು, ಕಂಪ್ಯೂಟರ್ ಪರರ ಕೈಗೆ. ಅದರ ಮೈಕು, ಕ್ಯಾಮರಾಗಳನ್ನೂ ದೂರದಿಂದಲೇ ಚಾಲೂ ಮಾಡಬಹುದಿತ್ತು. 2009ರ ಮಾರ್ಚ್‌ನಲ್ಲಿ ಹೊರಬಂದ ವರದಿ ಈ ಜಾಲವನ್ನು 'ಗೋಸ್ಟ್‌ನೆಟ್' ಎಂದು ಕರೆಯಿತು: 103 ದೇಶಗಳ 1,295 ಕಂಪ್ಯೂಟರುಗಳು, ಅವುಗಳಲ್ಲಿ ವಿದೇಶಾಂಗ ಸಚಿವಾಲಯಗಳು, ರಾಯಭಾರ ಕಚೇರಿಗಳು. ಚೀನಾ ತನ್ನ ಪಾತ್ರವನ್ನು ನಿರಾಕರಿಸಿತು. 2010ರ ಏಪ್ರಿಲ್‌ನ ಎರಡನೇ ವರದಿಯಲ್ಲಿ ಭಾರತ ಸರಕಾರದ ಗುಪ್ತ ಕಡತಗಳೂ ಕಳುವಾದದ್ದು ಗೊತ್ತಾಯಿತು. ನಮ್ಮ ರಾಯಭಾರ ಕಚೇರಿಗಳಿಗೆ ವೀಸಾ ಕೇಳಿ ಬರೆದ ಸಾಮಾನ್ಯ ಜನರ ವಿವರಗಳೂ ಕದ್ದವರ ಕೈಗೆ ಹೋಗಿದ್ದವು.

ಸರಕಾರದ ಗುಟ್ಟು ನಮಗೇಕೆ ಎನ್ನುವವರಿಗೆ ಆ ಮೊದಲ ವರದಿಯಲ್ಲಿರುವ ಒಬ್ಬ ಯುವತಿಯ ಕಥೆ ಹೇಳಬೇಕು. ಧರ್ಮಶಾಲಾದಲ್ಲಿ ಎರಡು ವರ್ಷ ಇಂಟರ್ನೆಟ್ ಮೂಲಕ ಟಿಬೆಟಿನೊಳಗಿನವರೊಂದಿಗೆ ಮಾತಾಡುವ ಕೆಲಸ ಮಾಡಿ, ತನ್ನ ಹಳ್ಳಿಗೆ ಹೊರಟಿದ್ದಳು. ನೇಪಾಳದ ಗಡಿಯಲ್ಲಿ ಹಿಡಿದು ಎರಡು ತಿಂಗಳು ಕೂಡಿಹಾಕಿದರು. ಓದಲು ಹೋಗಿದ್ದೆ ಎಂದಳು. ಅವರು ಅವಳ ವರ್ಷಗಳ ಮಾತುಕತೆಯನ್ನು ಅಕ್ಷರಶಃ ಅಚ್ಚುಹಾಕಿ ಮುಂದಿಟ್ಟರು.

ಈ ಆಟ ಇಂದಿಗೂ ನಡೆದಿದೆ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ ಅಮಾಯಕರ ಹತ್ಯೆಯಾದ ಕೆಲವೇ ದಿನಗಳಲ್ಲಿ, ಅದೇ ಘಟನೆಯ 'ವರದಿ'ಯೆಂಬ ಹೆಸರಿನ ನಕಲಿ ಕಡತಗಳು ನಮ್ಮ ಸರಕಾರಿ, ರಕ್ಷಣಾ ಸಿಬ್ಬಂದಿಗೆ ಗುರಿಯಾಗಿ ಬಂದವು. ಸಾವಿನ ಮನೆಯ ದುಃಖವೂ ಇವರಿಗೆ ಗಾಳದ ಎರೆ.

ನನ್ನ ವಿದ್ಯಾರ್ಥಿನಿಗೆ ಹೇಳಿದೆ: ಕೇಳಿದ್ದು ಸರಿಯೇ ಮಗಳೇ. ಕೇಳುವಾಗ ಪತ್ರದಲ್ಲಿ ಕೊಟ್ಟ ನಂಬರಿಗಲ್ಲ, ನಿನ್ನ ಬಳಿ ಮೊದಲಿನಿಂದ ಇರುವ ನಂಬರಿಗೇ ಮಾಡು. ಅಕಸ್ಮಾತ್ ತೆರೆದುಬಿಟ್ಟರೆ ಇಂಟರ್ನೆಟ್ ತಂತಿ ಕಿತ್ತು, ಆ ಕ್ಷಣವೇ ಮೇಲಿನವರಿಗೆ ತಿಳಿಸು. ಅದಕ್ಕೆ ಅವಳು, "ತಿಳಿಸಿದರೆ ಕೆಲಸದಿಂದ ತೆಗೆಯುತ್ತಾರೆಂದು ನಮ್ಮಲ್ಲಿ ಎಲ್ಲರಿಗೂ ಹೆದರಿಕೆ, ಆಪಾ" ಎಂದಳು. ಈಟಿ ಹಿಡಿದವನಿಗೆ ಬೇಕಾದದ್ದೂ ಅದೇ ಹೆದರಿಕೆ. ಸಾಹೇಬರ ಮನೆಯ ಸಹೋದರಿಯರು ಯಾರಾದರೂ ಇದನ್ನು ಓದುತ್ತಿದ್ದರೆ, ಊಟದ ಹೊತ್ತಿಗೆ ಈ ಮಾತನ್ನು ಅವರ ಕಿವಿಗೆ ಹಾಕಿರಿ.